ನನ್ನ ಕಾಲು, ಅವಳ ಹರಕೆ

ಈ ಸಲ ಕಬ್ಬಾಳುದುರ್ಗವನ್ನು ಎಲ್ಲೂ ಕೂರದೆ ಹತ್ತಿ, ತುದಿಯಲ್ಲಿ ತಲೆ ಬಾಚಿಕೊಂಡು ಫೋಟೋ ತೆಗೆಸಿಕೊಳ್ಳುತ್ತೇನೆಂದು ಚನ್ನಪಟ್ಟಣದ ನಮ್ಮ ಚಾರಣ ಸಂಘದ ಸಭೆಯಲ್ಲಿ ಘೋಷಿಸಿಬಿಟ್ಟೆ. ಅಧ್ಯಕ್ಷ ನಾನೇ, ಸದಸ್ಯರು ಚಪ್ಪಾಳೆ ತಟ್ಟದೆ ಇನ್ನೇನು ಮಾಡಿಯಾರು! ತಲೆ ಬಾಚುವ ಮಾತೂ ಸುಮ್ಮನೆ ಬಂದದ್ದಲ್ಲ. ಸಂಘದ ನಿವೃತ್ತರಲ್ಲಿ ತಲೆತುಂಬ ಕೂದಲಿರುವುದು ನನಗೊಬ್ಬನಿಗೇ.

ಕೆಲವು ವರ್ಷಗಳ ಹಿಂದೆ ಎದೆನೋವು ಬಂದು ಆಸ್ಪತ್ರೆ ಸೇರಿದ್ದೆ. ದಿನಾ ನಡೆಯಿರಿ ಎಂದರು ಡಾಕ್ಟರು. ನಾನು ಸಂಘವನ್ನೇ ಕಟ್ಟಿದೆ! ಅದೇ ಹುಮ್ಮಸ್ಸಿನಲ್ಲಿ ದುಬಾರಿ ಬೂಟು ಕೊಂಡು, ಸವೆದೀತೆಂದು ಒಂದು ದಿನವೂ ಹಾಕದೆ ಅಟ್ಟದ ಮೇಲೆ ಜೋಪಾನ ಮಾಡಿದ್ದೆ. ಈ ಚಾರಣಕ್ಕೆಂದು ಇಳಿಸಿದೆ. ನನ್ನ ಹೆಂಡತಿ ಭಾನುಪ್ರಿಯಳೂ ಹೊರಟಳು. ಆಸ್ಪತ್ರೆಯಿಂದ ಬಂದಂದಿನಿಂದ ನಾನು ಕೆಮ್ಮಿದರೆ ಎದ್ದು ಕೂರುವವಳು ಅವಳು.

ಬೆಟ್ಟದ ಬುಡದಲ್ಲಿ ಕಬ್ಬಾಳಮ್ಮನಿಗೆ ಕೈಮುಗಿದು, ಅಮ್ಮನ ಬೆಟ್ಟವನ್ನು ಬೂಟು ಬಿಟ್ಟು ಹತ್ತಬಾರದೇ ಎಂದು ಮೆಲ್ಲಗೆ ಕೇಳಿದಳು. ನಾನು ಎಲ್ಲರೆದುರಿಗೇ ಪಾದರಕ್ಷಾ ವಿಜ್ಞಾನದ ಮೇಲೆ ಭಾಷಣ ಬಿಗಿದೆ. ಅವಳ ಮುಖ ಸಪ್ಪಗಾಯಿತು. ಗುಡಿಯ ಜಗಲಿಯಲ್ಲೇ ಕೂತುಬಿಟ್ಟಳು.

ಅರ್ಧ ಬೆಟ್ಟ ಗಜಗಾಂಭೀರ್ಯದಿಂದ ಹತ್ತಿದೆ. ಆಮೇಲೆ ಬಲಗಾಲು ಯಾಕೋ ಹಗುರವಾಯಿತು. ಹಿಂದಿದ್ದ ಕಾರ್ಯದರ್ಶಿ, ಬೊಂಬೆ ಅಂಗಡಿಯ ಶೋಯೆಬ್, ಗಂಟಲು ಸರಿಮಾಡಿಕೊಂಡ.

"ಸಾರ್, ನೀವೇನೋ ಕೂರಲಿಲ್ಲ. ನಿಮ್ಮ ಬೂಟಿನ ಅಟ್ಟೆ ಇಲ್ಲೇ ಕುಂತ್ಕಂಡ್ಬುಡ್ತು."

ಅಟ್ಟದ ಮೇಲೆ ಕೂತೂ ಕೂತೂ ಅಂಟು ಪುಡಿಯಾಗಿತ್ತು. ನಾಲ್ಕು ಹೆಜ್ಜೆಗೆ ಎಡಗಾಲಿನದೂ ಅಣ್ಣನ ದಾರಿ ಹಿಡಿಯಿತು. ಹಿಂದಿರುಗೋಣವೆಂದರೆ ಮಾನದ ಪ್ರಶ್ನೆ! ಬರಿಗಾಲ ಚಾರಣವೇ ನಿಜವಾದ ಚಾರಣವೆಂದು ಅಲ್ಲೇ ಹೊಸ ಸಿದ್ಧಾಂತ ಮಂಡಿಸಿ, ಬೂಟು ಕಳಚಿ, ಕಾದ ಬಂಡೆಯ ಮೇಲೆ ಕುಣಿಯುತ್ತ ಹೊರಟೆ. ಒಂದೊಂದು ಹೆಜ್ಜೆಯನ್ನೂ ನೋಡಿ ಇಡಬೇಕಾಗಿ ಬಂದಾಗ ಬಾಯಿ ತಾನಾಗಿ ಮುಚ್ಚಿತು. ಬುಡದಲ್ಲಿ ಒಬ್ಬಳೇ ಕೂತವಳ ಸಪ್ಪೆ ಮುಖ ನೆನಪಾಗಿ, ಅಂಗಾಲಿಗಿಂತ ಹೆಚ್ಚಾಗಿ ಅದೇ ಚುಚ್ಚಿತು. ತುದಿಯಲ್ಲಿ ತಲೆ ಬಾಚಿಕೊಂಡೆ, ಫೋಟೋ ಆಯಿತು.

ಕುಂಟುತ್ತ ಇಳಿದು ಬಂದೆ. ಭಾನುಪ್ರಿಯ ನನ್ನ ಪಾದ ನೋಡಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು.

"ನಿಮಗೆ ಯಾರು ಹೇಳುದ್ರು?" ಎಂದಳು. "ಆಸ್ಪತ್ರೆ ಬಾಕ್ಲಲ್ಲಿ ನಿಂತ್ಕಂಡು ಹರಕೆ ಹೊತ್ತಿದ್ದೆ. ಜೀವ ಉಳುಸ್ಕೊಡು ತಾಯಿ, ಬರಿಗಾಲಲ್ಲಿ ಅವ್ರನ್ನ ನಿನ್ನ ಬೆಟ್ಟ ಹತ್ತುಸ್ತೀನಿ ಅಂತ. ಹೇಳುದ್ರೆ ನಗ್ತೀರಿ ಅಂತ ಬಾಯೇ ಬುಡಲಿಲ್ಲ. ತೀರುಸದೆ ನಿಮಗೆ ಏನಾದ್ರೂ ಆಗ್ಬುಟ್ರೆ ಅಂತ ಜೀವ ಕೈಯಲ್ಲಿ ಹಿಡ್ಕಂಡಿದ್ದೆ."

ನನ್ನ ಕಾಲನ್ನು ನನಗೆ ಹೇಳದೆ ದೇವರಿಗೆ ಒಪ್ಪಿಸಿದ್ದಳು! ಬೆಳಿಗ್ಗೆಯಾಗಿದ್ದರೆ ಇನ್ನೊಂದು ಭಾಷಣವಾಗುತ್ತಿತ್ತು. ಈಗ ಜಗಲಿಯಲ್ಲಿ ಅವಳ ಪಕ್ಕ ಕೂತೆ. ಇಷ್ಟು ದಿನ ಇಷ್ಟು ಭಯವನ್ನು ಒಬ್ಬಳೇ ಹೊತ್ತಿದ್ದಳಲ್ಲ. ನಿನಗಾಗಿಯೇ ಹತ್ತಿದೆ ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಶೋಯೆಬ್ ಎರಡೂ ಅಟ್ಟೆಗಳನ್ನು ಪ್ರಸಾದದಂತೆ ಎರಡು ಕೈಯಲ್ಲಿ ಹಿಡಿದು ಹಾಜರಾದ.

ಅವಳು ಅಟ್ಟೆ ನೋಡಿದಳು, ನನ್ನನ್ನು ನೋಡಿದಳು. ಕಣ್ಣೀರಿನಲ್ಲೇ ನಗು ಬಂತು. "ಹಂಗಾದ್ರೆ ಅಮ್ಮನೇ ಬಿಚ್ಚುಸವ್ಳೆ ಬುಡಿ."

ಹರಕೆ ತೀರಿತಲ್ಲ, ಇನ್ನು ನಿಶ್ಚಿಂತೆಯಿಂದ ನಿದ್ದೆ ಮಾಡು ಎಂದೆ. ಅವಳು ಸೆರಗಿನ ಅಂಚು ತಿರುವುತ್ತ ನನ್ನ ತಲೆಯ ಕಡೆ ನೋಡಿದಳು.

"ಬೆಟ್ಟದ್ದು ತೀರ್ತು. ಮುಡಿ ಕೊಡೋದು ಇನ್ನೂ ಐತೆ."

ಜೇಬಿನಿಂದ ಬಾಚಣಿಗೆ ತೆಗೆದು ಶೋಯೆಬನ ಕೈಗಿಟ್ಟು, ಗುಡಿಯ ಪಕ್ಕ ಮುಡಿ ತೆಗೆಯುವ ಕ್ಷೌರಿಕನ ಮುಂದೆ ಹೋಗಿ ಕೂತೆ.