ಬಾನೆಟ್ಟಿಗೆ ಕೊರೆಸಿದ ಕಿಂಡಿ

ರಸ್ತೆ ಬದಿಯಲ್ಲಿ ಕಾರಿನ ಬಾನೆಟ್ ಎತ್ತಿ ನಿಂತವನಿಗೆ ಸಿಗುವಷ್ಟು ಪುಕ್ಕಟೆ ಸಲಹೆ, ಮಗಳಿಗೆ ಗಂಡು ಹುಡುಕುವವನಿಗೂ ಸಿಗಲಾರದು. ಮೀನಿನ ಬುಟ್ಟಿ ಹೊತ್ತು ಹೋಗುವವಳು ನೀರು ಹಾಕಿ ಎನ್ನುತ್ತಾಳೆ. ಬೈಕಿನವನು ಗಾಡಿ ನಿಲ್ಲಿಸಿ, ಈಗಲೇ ನೀರು ಹಾಕಿದರೆ ಎಂಜಿನ್ ಬಿರಿಯುತ್ತದೆ ಎಂದು ಹೆದರಿಸುತ್ತಾನೆ. ಮೂರನೆಯವನು ಏನನ್ನೂ ಹೇಳದೆ ಒಳಗೆ ಬಗ್ಗಿ ನೋಡಿ, ಯಾರೋ ತೀರಿಕೊಂಡ ಮನೆಯಿಂದ ಹೊರಬಂದವನ ಮುಖ ಮಾಡಿಕೊಂಡು ಹೋಗುತ್ತಾನೆ. ಕುಮಟೆಯಿಂದ ಭಟ್ಕಳದವರೆಗೆ ಹೆದ್ದಾರಿಯುದ್ದಕ್ಕೂ ನಾನು ಹೀಗೆ ಎಷ್ಟು ಕಡೆ ನಿಂತಿದ್ದೇನೆಂದರೆ, ಕರ್ಕಿಯ ಹತ್ತಿರದ ಚಹದಂಗಡಿಯವರು ನನ್ನ ಕಾರು ಕಂಡ ಕೂಡಲೇ ಚಹಕ್ಕೆ ಮೊದಲು ಒಂದು ಕೊಡ ನೀರು ತಂದಿಡುತ್ತಿದ್ದರು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು. ಮೊದಲ ಹತ್ತು ವರ್ಷ ಭಟ್ಕಳದಲ್ಲಿ, ಉಳಿದದ್ದು ಕುಮಟೆಯಲ್ಲಿ. ನಿವೃತ್ತನಾದ ಮೇಲೆ ಪರಿಚಯದವರೊಬ್ಬರ ಹಳೆಯ ಡೀಸೆಲ್ ಕಾರನ್ನು ಕೊಂಡೆ. ಕೊಂಡದ್ದು ಮುಖ್ಯವಾಗಿ ಹೆಂಡತಿ ಸುಲೋಚನಾಳಿಗಾಗಿ. ಅವಳ ಅಕ್ಕನ ಮನೆ ಭಟ್ಕಳದಲ್ಲಿದೆ. ಮನೆಯ ಹಿಂದೆ ಮಲ್ಲಿಗೆ ಗಿಡಗಳಿವೆ. ಎರಡು ವಾರಕ್ಕೊಮ್ಮೆ ಇವಳು ಅಲ್ಲಿಗೆ ಹೋಗಬೇಕು, ಅಕ್ಕತಂಗಿ ಎದುರುಬದುರು ಕೂತು ಮೊಗ್ಗು ಕಟ್ಟುತ್ತ ಹೊಟ್ಟೆ ತುಂಬ ಮಾತಾಡಬೇಕು. ಒಂದು ವರ್ಷ ಹಾಗೆಯೇ ನಡೆಯಿತು. ಆಮೇಲೆ ಕಾರಿಗೆ ಕಾವೇರತೊಡಗಿತು. ಏರು ಬಂದರೆ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ತಾಗುವುದು, ಹೊನ್ನಾವರದ ಸೇತುವೆಯ ಮುಂದೆ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಹಬೆ ಉಗುಳುವುದು. ಏಳೆಂಟು ಸಲ ಹೀಗಾದ ಮೇಲೆ ಸುಲೋಚನಾ ಚೀಲ ಹೆಗಲಿಗೇರಿಸಿ, ಇನ್ನು ಮೇಲೆ ತಾನು ಬಸ್ಸಿಗೇ ಹೋಗುತ್ತೇನೆಂದು ಹೇಳಿಬಿಟ್ಟಳು.

ಹೇಳಿದಂತೆ ಹೋದಳು ಕೂಡ. ಮೂವತ್ತೊಂದು ವರ್ಷ ಜೊತೆಗಿದ್ದವಳು ಬಸ್ಸಿನ ಕಿಟಕಿಯಲ್ಲಿ ಕೂತು ಕೈ ಬೀಸುವುದನ್ನು, ಕಾರಿನ ಕೀಲಿಕೈ ಬೆರಳಲ್ಲಿ ತಿರುಗಿಸುತ್ತ ನಿಲ್ದಾಣದಲ್ಲಿ ನಿಂತು ನೋಡುವ ಗಂಡಸಿನ ಮನಸ್ಸು ಏನಾಗಬೇಡ? ನನಗೆ ನಿಜವಾಗಿ ಬೇಜಾರಾಯಿತು. ಅವಳನ್ನು ಮತ್ತೆ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಭಟ್ಕಳಕ್ಕೆ ಹೋಗಬೇಕು ಎಂಬ ಹಟ ಹುಟ್ಟಿದ್ದು ಆಗಲೇ. ಕುಮಟೆಯ ಮೆಕ್ಯಾನಿಕ್ ರೇಡಿಯೇಟರ್ ತೊಳೆದ, ಥರ್ಮೋಸ್ಟಾಟ್ ಬದಲಿಸಿದ, ಫ್ಯಾನ್ ಹೊಸದು ಹಾಕಿದ. ಕಡೆಗೆ ಕೈ ಒರೆಸಿಕೊಳ್ಳುತ್ತ, ಈ ಎಂಜಿನ್ನನ್ನು ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಕೂರಿಸಿದ್ದಾರೆ, ಬಿಸಿಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ, ಬಾನೆಟ್ಟಿಗೆ ಕಿಂಡಿ ಕೊರೆಸಿದರೆ ಸರಿಯಾಗಬಹುದು ಎಂದ.

ಬಿಸಿಗಾಳಿ ಎಂಬ ಮಾತು ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ಅದು ನನ್ನ ಪಾಠ. ಇಪ್ಪತ್ತೆಂಟು ವರ್ಷ ಮೇಣದಬತ್ತಿ ಹಚ್ಚಿ, ಅದರ ಮೇಲೆ ಕಾಗದದ ಸುರುಳಿ ತಿರುಗಿಸಿ ತೋರಿಸಿದ ಪಾಠ. ಆ ರಾತ್ರಿಯೇ ಬಾನೆಟ್ಟಿನ ಚಿತ್ರ ಬರೆದೆ, ಬಾಣದ ಗುರುತು ಹಾಕಿದೆ. ಬಿಸಿಗಾಳಿ ಮೇಲೇರುತ್ತದೆ. ಬಾನೆಟ್ಟಿನ ಅತಿ ಎತ್ತರದ ಭಾಗ ಇರುವುದು ಮುಂದಿನ ಗಾಜಿನ ಬುಡದಲ್ಲಿ. ಆದ್ದರಿಂದ ಕಿಂಡಿ ಗಾಜಿನ ಬುಡದಲ್ಲೇ ಇರಬೇಕು. ಹಿಂದಿನವರು ಅಡುಗೆಮನೆಯ ಹೊಗೆ ಹೋಗಲು ಮಾಡಿನ ತುದಿಯಲ್ಲಿ ಗಂಡಿ ಬಿಡುತ್ತಿರಲಿಲ್ಲವೆ? ಇಷ್ಟು ಸರಳವಾದ ವಿಷಯ ಕಾರು ಮಾಡಿದವರಿಗೆ ಹೊಳೆಯದೆ ಹೋದದ್ದಕ್ಕೆ ನನಗೆ ಅವರ ಬಗ್ಗೆ ಸ್ವಲ್ಪ ಕನಿಕರವೂ ಆಯಿತು.

ಭಟ್ಕಳದಲ್ಲಿ ಇಲಿಯಾಸನದು ಟಿಂಕರಿಂಗ್ ಅಂಗಡಿ. ಗುದ್ದಿದ ಗಾಡಿಗಳ ತಗಡು ತಟ್ಟಿ ನೆಟ್ಟಗೆ ಮಾಡುವ ಕೆಲಸ. ಅವನು ನನ್ನ ವಿದ್ಯಾರ್ಥಿ. ಈಗ ಗಡ್ಡ ನರೆತಿದ್ದರೂ ನನ್ನನ್ನು ಕಂಡರೆ ಸುತ್ತಿಗೆ ಕೆಳಗಿಟ್ಟು ಎದ್ದು ನಿಲ್ಲುತ್ತಾನೆ, ಮನೆಯವರ ಜೊತೆ ಅವರ ನವಾಯತಿ ಭಾಷೆಯಲ್ಲಿ ಏನೋ ಹೇಳಿ ನನಗೆ ಚಹ ತರಿಸುತ್ತಾನೆ. ನಾನು ಬಾನೆಟ್ಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಎರಡು ಚೌಕ ಬರೆದೆ. ಅವನು ತಲೆ ಕೆರೆದುಕೊಂಡು, ಸ್ವಲ್ಪ ಮುಂದೆ ಮಾಡುವನಾ ಸರ್ ಎಂದು ಶುರುಮಾಡಿದ. ಮುಂದೆ ಯಾಕಲ್ಲ ಎಂಬುದನ್ನು ನಾನು ಕಾಲು ಗಂಟೆ ತಿಳಿಸಿಕೊಟ್ಟೆ. ಮೇಣದಬತ್ತಿ ಬಂತು, ಕಾಗದದ ಸುರುಳಿ ಬಂತು, ಹೊಗೆಗಂಡಿ ಬಂತು. ಎಲ್ಲ ಮುಗಿದ ಮೇಲೆ ಅವನು "ಆತು ಸರ್" ಎಂದ. ಅವನಿಗೆ ಮನದಟ್ಟಾಯಿತೆಂದು ನಾನು ತಿಳಿದೆ. ಸಂಜೆಯೊಳಗೆ ಗಾಜಿನ ಬುಡದಲ್ಲಿ ಅಚ್ಚುಕಟ್ಟಾದ ಎರಡು ಕಿಂಡಿ ಬಿದ್ದವು. ಊರಿಗೆ ತಂದು ನಿಲ್ಲಿಸಿದಾಗ, ಇಲಿಗಳಿಗೆ ಒಳ್ಳೆ ಅನುಕೂಲವಾಯಿತು ಎಂದು ಪಕ್ಕದ ಮನೆಯವರು ಹೇಳಿದ್ದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಸುಲೋಚನಾಳನ್ನು ಎಷ್ಟು ಪರಿಯಲ್ಲಿ ಒಪ್ಪಿಸಿದೆನೋ ದೇವರಿಗೇ ಗೊತ್ತು. ಕಡೆಗೂ ಕೂತಳು. ಹೊನ್ನಾವರದಲ್ಲಿ ಲಾರಿಗಳ ಸಾಲು ಸಿಕ್ಕಿತು. ಬಿಸಿಗಾಳಿ ನಾನು ಹೇಳಿದಂತೆಯೇ ಕಿಂಡಿಯಿಂದ ಮೇಲೆ ಬಂತು. ಆದರೆ ಕಾರಿನೊಳಕ್ಕೆ ಗಾಳಿ ಸೇದುವ ಜಾಲರಿ ಇರುವುದೂ ಅದೇ ಗಾಜಿನ ಬುಡದಲ್ಲಿ ಎಂಬುದು ನನ್ನ ಚಿತ್ರದಲ್ಲಿ ಬಿಟ್ಟುಹೋಗಿತ್ತು. ಎಂಜಿನ್ನಿನ ಬಿಸಿ, ಎಣ್ಣೆಯ ವಾಸನೆಯ ಸಮೇತ, ನೇರ ನಮ್ಮ ಮುಖಕ್ಕೆ ಬಂತು. ಅವಳು ಸೆರಗು ಮೂಗಿಗೆ ಹಿಡಿದಳು. ಸೇತುವೆ ದಾಟಿ ವೇಗ ಹಿಡಿದರೆ ತಣ್ಣಗಾಗುತ್ತದೆ ಎಂದು ಧೈರ್ಯ ಹೇಳಿದೆ. ವೇಗ ಹಿಡಿದ ಮೇಲೆ ಮುಳ್ಳು ಹಿಂದೆಂದೂ ಏರದಷ್ಟು ಬೇಗ ಏರಿತು. ಮಂಕಿ ಊರು ಬರುವಷ್ಟರಲ್ಲಿ ಬಾನೆಟ್ ಎತ್ತಿ ನಿಂತಾಗಿತ್ತು. ಹೀಗಾಗಲು ಏನು ಕಾರಣವಿರಬಹುದೆಂದು ನಾನು ಅವಳಿಗೆ ಬಿಡಿಸಿ ಹೇಳುತ್ತಿದ್ದಾಗಲೇ ಹಿಂದಿನಿಂದ ಭಟ್ಕಳದ ಬಸ್ಸು ಬಂತು. ಅವಳು ಕೈ ಅಡ್ಡ ಹಿಡಿದು ಹತ್ತಿಕೊಂಡಳು. ನನ್ನ ವಾಕ್ಯ ಇನ್ನೂ ಮುಗಿದಿರಲಿಲ್ಲ.

ಕಾರು ತಣಿದ ಮೇಲೆ ತೆವಳಿಸಿಕೊಂಡು ಇಲಿಯಾಸನ ಅಂಗಡಿಗೆ ಹೋದೆ. ಅವನು ನನ್ನ ಮುಖ ನೋಡಿಯೇ ಸಂಗತಿ ತಿಳಿದುಕೊಂಡ. ಮೆಲ್ಲಗೆ ಹೇಳಿದ: ಓಡುವಾಗ ಗಾಳಿ ಬಂದು ಗಾಜಿಗೆ ಬಡಿದು ಅಲ್ಲೇ ಒತ್ತಿಕೊಳ್ಳುತ್ತದೆ, ಅಲ್ಲಿ ಕಿಂಡಿ ಇಟ್ಟರೆ ಒಳಗಿನದು ಹೊರಗೆ ಬರುವುದಿಲ್ಲ, ಹೊರಗಿನದೇ ಒಳಗೆ ನುಗ್ಗುತ್ತದೆ.

"ಇದು ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಸರ್."

"ಮತ್ತೆ ಎಂತಕ್ಕೆ ಕೊರೆದೆ ಮಾರಾಯ?"

"ನೀವು ಗೆರೆ ಹಾಕಿದ್ರಲ್ಲ ಸರ್. ಸರ್ ಹಾಕಿದ ಗೆರೆ ಅಳಿಸುದು ಹೇಗೆ?"

ಅವನು ಚುಚ್ಚಲೆಂದು ಹೇಳಿದ್ದಲ್ಲ. ಮರ್ಯಾದೆಯಿಂದಲೇ ಹೇಳಿದ. ಅದಕ್ಕೇ ನನಗೆ ಹೆಚ್ಚು ತಾಗಿತು. ತಪ್ಪು ಎಂದು ಗೊತ್ತಿದ್ದೂ ಒಬ್ಬ ಕೈಚಳಕದ ಕೆಲಸಗಾರ ಒಳ್ಳೆಯ ತಗಡನ್ನು ಕೊರೆದು ಹಾಳು ಮಾಡುತ್ತಾನೆಂದರೆ, ಅವನ ಎದುರು ನಿಂತವನು ಎಂಥವನಿರಬೇಕು? ನನ್ನ ತರಗತಿಗಳಲ್ಲಿ ಅರ್ಥವಾಯಿತೇ ಎಂದು ಕೇಳಿದರೆ ನಲವತ್ತು ತಲೆಗಳೂ ಒಟ್ಟಿಗೆ ಆಡುತ್ತಿದ್ದವು. ಅದನ್ನು ನಾನು ನನ್ನ ಬೋಧನೆಯ ಗುಣವೆಂದೇ ಇಷ್ಟು ಕಾಲ ನಂಬಿದ್ದೆ. ಅವರಲ್ಲಿ ಎಷ್ಟು ಮಂದಿಗೆ ನಾನು ತಪ್ಪಿದ್ದು ಗೊತ್ತಿತ್ತೋ ಈಗ ಕೇಳುವುದಕ್ಕೂ ಆಗುವುದಿಲ್ಲ.

ಹೇಗೆ ಮಾಡಬೇಕೋ ಹಾಗೆ ಮಾಡು ಎಂದೆ. ಅವನು ಕೆಂಪು ಉಲ್ಲನ್ ದಾರದ ತುಂಡುಗಳನ್ನು ಬಾನೆಟ್ಟಿನ ತುಂಬ ಅಂಟಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಓಡಿಸಿದ. ಗಾಜಿನ ಬುಡದ ದಾರಗಳು ದಿಕ್ಕು ತಪ್ಪಿದಂತೆ ಅಲ್ಲೇ ಹೊರಳಾಡಿದವು. ಮುಂಭಾಗಕ್ಕೆ ಹತ್ತಿರದ ದಾರಗಳು ಮಾತ್ರ ಯಾರೋ ಮೇಲಿನಿಂದ ಎಳೆದಂತೆ ಎದ್ದು ನಿಂತವು. ಗಾಳಿ ಒಳಗಿನದನ್ನು ಹೀರುವುದು ಅಲ್ಲಿ ಎಂದ. ಶಿರಾಲಿಯ ಹತ್ತಿರ ನಿಲ್ಲಿಸಿದಾಗ ಅಜ್ಜಿಯೊಬ್ಬಳು ಬಂದು, ಇದು ಯಾವ ದೇವರ ಹರಕೆ ಎಂದು ಕೇಳಿದಳು. ಇಲಿಯಾಸ ಹಳೆಯ ಕಿಂಡಿಗಳಿಗೆ ತಗಡು ಬೆಸೆದ. ಮುಂದೆ, ಒಳಗಿನ ಆಧಾರದ ಪಟ್ಟಿಗಳಿಗೆ ತಾಗದಂತೆ, ಹೊಸದಾಗಿ ಎರಡು ಕೊರೆದು ಹಿಂದಕ್ಕೆ ಬಾಯಿ ಮಾಡಿದ ಓರೆ ಪಟ್ಟಿಗಳನ್ನು ಕೂರಿಸಿದ. ನಮ್ಮ ಕಡೆಯ ಮಳೆ ಗೊತ್ತಲ್ಲ, ನೀರು ಎಂಜಿನ್ನಿನ ಮೇಲೆ ಬೀಳದೆ ಬದಿಗೆ ಹರಿಯಲಿ ಎಂದು ಕೆಳಗೊಂದು ತಗಡಿನ ದೋಣಿಯನ್ನೂ ಮಾಡಿಕೊಟ್ಟ. ನಾನು ಅಷ್ಟೂ ಹೊತ್ತು ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕೂತಿದ್ದೆ. ಅವನಿಗೆ ಗಾಬರಿಯಾಗಿ, ಹುಷಾರಿದ್ದೀರಲ್ಲ ಸರ್ ಎಂದು ಎರಡು ಸಲ ಕೇಳಿದ.

ಆಮೇಲೆ ಎರಡು ಸಲ ಒಬ್ಬನೇ ಭಟ್ಕಳಕ್ಕೆ ಹೋಗಿ ಬಂದೆ. ಏರಿನಲ್ಲೂ ಮುಳ್ಳು ನಡುಮಧ್ಯದಿಂದ ಅಲುಗಲಿಲ್ಲ. ಮುಳ್ಳಿನ ಫೋಟೋ ತೆಗೆದು ಸುಲೋಚನಾಳಿಗೆ ತೋರಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಫೋಟೋ ನೋಡಿ, ಚಂದ ಬಂದಿದೆ ಎಂದಳು. ಹಾಗಾದರೆ ಭಾನುವಾರ ಕಾರಿನಲ್ಲೇ ಹೋಗೋಣವಲ್ಲ ಎಂದೆ. ಬಸ್ಸೇ ಅಡ್ಡಿಲ್ಲ ಎಂದಳು. ಇನ್ನೆಂತ ಹೆದರಿಕೆ, ಕಾರು ಬಿಸಿಯಾಗುವುದೇ ಇಲ್ಲವಲ್ಲ ಎಂದು ನಾನು ದನಿ ಏರಿಸಿದಾಗ ಅವಳು ಮೊರವನ್ನು ಕೆಳಗಿಟ್ಟಳು.

"ಕಾರು ಬಿಸಿಯಾದ್ದಕ್ಕೆ ನಾನು ಯಾವತ್ತು ಬೇಜಾರು ಮಾಡ್ಕಂಡಿದ್ದೆ? ಬದಿಗೆ ನಿಂತ್ರೆ ಸ್ವಲ್ಪ ಹೊತ್ತು ಕೂತು ಗಾಳಿ ತಕಳ್ಬಹುದಿತ್ತು. ನಿಂತ ಕೂಡ್ಲೆ ನೀವು ಎಂತಕ್ಕೆ ಬಿಸಿಯಾತು ಅಂತ ಪಾಠ ಶುರು ಮಾಡ್ತ್ರಿ. ಬಸ್ಸಲ್ಲಿ ಕಂಡಕ್ಟರ್ ಟಿಕೆಟ್ ಕೊಟ್ಟು ಸುಮ್ನೆ ಹೋಗ್ತಾನೆ."

ಅಷ್ಟು ಹೇಳಿ ಅವಳು ಮತ್ತೆ ಮೊರ ಎತ್ತಿಕೊಂಡಳು. ನನಗೆ ಅಳುವೇ ಬಂದಂತಾಯಿತು. ಅದು ಹಾಗಲ್ಲ ಎಂದು ಶುರುಮಾಡಲು ಬಾಯಿ ತೆರೆದವನು, ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದೆ. ಒಂದು ಸಲ ಬಂದು ನೋಡು, ನಾನು ಮಾತಾಡುವುದಿಲ್ಲ ಎಂದಷ್ಟೇ ಹೇಳಿದೆ.

ಭಾನುವಾರ ಅವಳು ಮುಂದಿನ ಸೀಟಿನಲ್ಲಿ ಕೂತಳು. ಹೊನ್ನಾವರದವರೆಗೆ ಇಬ್ಬರೂ ಮಾತಾಡಲಿಲ್ಲ. ಸೇತುವೆ ದಾಟಿದ ಮೇಲೆ ಅವಳೇ ಶುರುಮಾಡಿದಳು. ಅಕ್ಕನಿಗೆ ಕಣ್ಣಿನ ಪೊರೆ ಬಂದಿದೆಯಂತೆ. ಮೊಗ್ಗು ಕಾಣದೆ ದಾರ ಹಿಡಿದುಕೊಂಡು ಸುಮ್ಮನೆ ಕೂರುತ್ತಾಳಂತೆ. ಆಪರೇಷನ್ ಎಂದರೆ ಹೆದರುತ್ತಾಳಂತೆ. ಇದನ್ನು ಇವಳು ನನಗೆ ಈ ಮೊದಲೇ ಮೂರು ಸಲ ಹೇಳಿದ್ದಳಂತೆ. ನಾನು ರಸ್ತೆ ನೋಡುತ್ತ ಕೇಳಿದೆ. ಮುಳ್ಳಿನ ಕಡೆ ನೋಡುವುದು ಮರೆತೇ ಹೋಯಿತು. ಮುರ್ಡೇಶ್ವರದ ತಿರುವು ಕಳೆದ ಮೇಲೆ ಅವಳು ಬಾನೆಟ್ಟಿನ ಕಡೆ ಕೈ ತೋರಿಸಿ, ಅಲ್ಲ, ಆ ಕಿಂಡಿಯ ಬಾಯಿ ಹಿಂದಕ್ಕೆ ಎಂತಕ್ಕೆ ಮಾಡಿದ್ದು ಎಂದು ಕೇಳಿದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಕೇಳಿದ ಮೊದಲ ವಿಜ್ಞಾನದ ಪ್ರಶ್ನೆ ಅದು. ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು, ಉಲ್ಲನ್ ದಾರದ ಉದಾಹರಣೆಯ ಸಮೇತ. ಇಲಿಯಾಸನನ್ನು ಕೇಳಬೇಕು, ಅವನಿಗೆ ಗೊತ್ತು ಎಂದೆ. ಅಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ಯಾರಿಗಾದರೂ ವಿವರವಾಗಿ ತಿಳಿಸಿಕೊಡಬೇಕಿತ್ತು. ನೀವು ಸಿಕ್ಕಿದಿರಿ.