ಹಲಸಿನ ಮೇಣ ಮತ್ತು ಐವರಿ ಬಣ್ಣದ ಕಾರು

ಕಲೆ ತೆಗೆಯುವ ವಿದ್ಯೆಯಲ್ಲಿ ಮಿಶ್ರಿಕೋಟಿಯ ಸುತ್ತ ಹತ್ತು ಹಳ್ಳಿಗಳಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದು ಜಂಬವಲ್ಲ; ಆಗ ನಾನು ಪ್ರಾಮಾಣಿಕವಾಗಿ ನಂಬಿದ್ದ ಸಂಗತಿ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಡೊಮೆಸ್ಟಿಕ್ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್ ನಮ್ಮಿಂದ ಒಂದು ನೋಟ್‌ಬುಕ್ ಬರೆಸಿದ್ದರು. ಮಸಿಗೆ ನಿಂಬೆಹಣ್ಣು, ರಕ್ತಕ್ಕೆ ತಣ್ಣೀರು, ಚಹಾಕ್ಕೆ ಬಿಸಿನೀರು, ಚ್ಯೂಯಿಂಗ್ ಗಮ್ಮಿಗೆ ಐಸು. ಮದುವೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಮೇಲೆ ಆ ನೋಟ್‌ಬುಕ್ ಇತ್ತು. ಹಲಸಿನ ಮೇಣದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಸಿಸ್ಟರ್ ಐರ್ಲೆಂಡಿನಿಂದ ಬಂದವರು. ಪಾಪ, ಹಲಸು ಹೆಚ್ಚಿದವರಲ್ಲ!

ಎಂಬತ್ತರ ದಶಕದ ಮಾತು. ನಮ್ಮ ಯಜಮಾನರು ಊರಿಗೆ ಒಬ್ಬರೇ ಡಾಕ್ಟರು. ಮನೆಯ ಮುಂದಿನ ಕೋಣೆಯೇ ದವಾಖಾನೆ. ಅವರ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಕಾರು ಇತ್ತು. ಆ ಬೇಸಿಗೆಯಲ್ಲಿ ಅದನ್ನು ಹುಬ್ಬಳ್ಳಿಗೆ ಒಯ್ದು ಹೊಸದಾಗಿ ಐವರಿ ಬಣ್ಣ ಹೊಡೆಸಿ ತಂದಿದ್ದರು. ಎರಡು ವಾರ ಅವರು ಆ ಕಾರನ್ನು ನೋಡಿದ ಹಾಗೆ ನನ್ನನ್ನು ಎಂದೂ ನೋಡಿದ್ದಿಲ್ಲ. ನೊಣ ಕೂತರೂ ಕರ್ಚೀಫು ತೆಗೆಯುತ್ತಿದ್ದರು.

ಬಣ್ಣ ಹೊಡೆಸಿದ್ದಕ್ಕೆ ಕಾರಣವೂ ಇತ್ತು. ನಮ್ಮ ಕಂಪೌಂಡರ್ ಶಿವಪ್ಪ ಹದಿನೆಂಟು ವರ್ಷ ನಮ್ಮಲ್ಲಿ ದುಡಿದವನು. ಒಂದು ದಿನವೂ ಏನನ್ನೂ ಬಾಯಿಬಿಟ್ಟು ಕೇಳಿದವನಲ್ಲ. ಅವನ ಮಗಳು ಗಂಗಾಳ ಮದುವೆ ಕಲಘಟಗಿಯ ಮಠದಲ್ಲಿ ನಿಶ್ಚಯವಾಗಿತ್ತು. ಮಾತುಕತೆಯ ದಿನ ವರನ ಕಾಕಾ ಎಲ್ಲರೆದುರು ಮೀಸೆ ತಿರುವುತ್ತ, "ಮದುಮಗಳನ್ನ ಹ್ಯಾಂಗ ಕರ್ಕೊಂಡ ಬರ್ತೀರಿ? ಟ್ರ್ಯಾಕ್ಟರಿನ್ಯಾಗೇನು?" ಎಂದು ನಕ್ಕಿದ್ದನಂತೆ. ಶಿವಪ್ಪನಿಗೆ ಅದು ಮುಳ್ಳಿನ ಹಾಗೆ ನೆಟ್ಟಿತ್ತು. ಬಂದು ಬಾಗಿಲ ಹತ್ತಿರ ನಿಂತ.

"ಸಾಹೇಬ್ರ, ಒಂದು ಕೇಳ್ತೀನ್ರಿ. ಇಲ್ಲ ಅಂದ್ರೂ ಸಿಟ್ಟಿಲ್ರಿ. ನಮ್ಮ ಗಂಗಾ ನಿಮ್ಮ ಕಾರಿನ್ಯಾಗ..."

ಯಜಮಾನರು ಮಾತು ಮುಗಿಸಲು ಬಿಡಲಿಲ್ಲ. "ಶಿವಪ್ಪಾ, ಅವತ್ತು ಕಾರು ನಿಂದು, ಡ್ರೈವರ್ ನಾ!"

ಮದುವೆಯ ಹಿಂದಿನ ದಿನ ಯಜಮಾನರು ಮೀಟಿಂಗೆಂದು ಬೆಳಗಿನ ಬಸ್ಸಿಗೆ ಧಾರವಾಡಕ್ಕೆ ಹೋದರು. ಹೋಗುವಾಗ, "ಸರೋಜಾ, ಕಾರಿಗೆ ಬಿಸಲು ಬೀಳಬಾರದು, ನೋಡ್ಕೋ" ಎಂದರು. ನಾನು ನೋಡಿಕೊಂಡೆ! ಹೊಸದಾಗಿ ಡ್ರೈವಿಂಗ್ ಕಲಿಯುತ್ತಿದ್ದೆ. ಮುಂದಕ್ಕೆ ಹೋಗಲು ಬರುತ್ತಿತ್ತು, ಹಿಂದಕ್ಕೆ ಬರಲು ಇನ್ನೂ ಕಲಿತಿರಲಿಲ್ಲ. ಅಂಗಳದಲ್ಲಿದ್ದ ಕಾರನ್ನು ಮುಂದಕ್ಕೆ ನಡೆಸಿ ಹಿತ್ತಲಿನ ಹಲಸಿನ ಮರದ ಬುಡಕ್ಕೆ ತಂದು ನಿಲ್ಲಿಸಿದೆ. ದಟ್ಟವಾದ ನೆರಳು. ಪರ್ಫೆಕ್ಟ್ ಪಾರ್ಕಿಂಗ್!

ಆಮೇಲೆ ನೆನಪಾಯಿತು, ಮದುವೆ ಮನೆಗೆ ಹಲಸಿನ ತೊಳೆ ಕಳಿಸಬೇಕೆಂದುಕೊಂಡಿದ್ದೆನಲ್ಲ! ಪಾತ್ರೆ ತೊಳೆಯಲು ಬರುತ್ತಿದ್ದ ಫಕೀರವ್ವನ ಗಂಡ ಯಲ್ಲಪ್ಪ ಮರ ಹತ್ತಿದ. ದೊಡ್ಡದೊಂದು ಹಣ್ಣಿಗೆ ಹಗ್ಗ ಕಟ್ಟಿ ತೊಟ್ಟು ಕೊಯ್ದು ಮೆಲ್ಲಗೆ ಇಳಿಬಿಟ್ಟ. ಕೆಳಗೆ ನಾನು ಟ್ರಾಫಿಕ್ ಪೊಲೀಸಿನಂತೆ ಕೈ ಬೀಸುತ್ತಿದ್ದೆ.

"ಎಡಕ್ಕ! ಇನ್ನೂ ಎಡಕ್ಕ! ಅಯ್ಯೋ ಬಲಕ್ಕ! ಕಾರಿಗೆ ತಗಲೀತು!"

ಹಣ್ಣು ಕಾರಿಗೆ ತಗಲಲಿಲ್ಲ. ನನ್ನ ಡೈರೆಕ್ಷನ್ನಿಗೆ ತಕ್ಕಂತೆ ಎಡಕ್ಕೂ ಬಲಕ್ಕೂ ತೂಗಾಡಿ, ತೊಟ್ಟಿನಿಂದ ಸುರಿಯುತ್ತಿದ್ದ ಹಾಲನ್ನು ಬಾನೆಟ್ಟಿನ ತುಂಬ ರಂಗೋಲಿ ಎಳೆದಂತೆ ಎಳೆದು, ಕೊನೆಗೆ ಸುರಕ್ಷಿತವಾಗಿ ನೆಲ ಸೇರಿತು. ಐವರಿಯ ಮೇಲೆ ಬಿಳಿ ಹಾಲು. ಯಾರ ಕಣ್ಣಿಗೆ ಬೀಳಬೇಕು?

ನಾನೂ ಫಕೀರವ್ವನೂ ಅಡಿಗೆಮನೆಯ ಮೆಟ್ಟಿಲ ಮೇಲೆ ಕೂತು ಸಾವಕಾಶವಾಗಿ ಹಣ್ಣು ಬಿಡಿಸಿದೆವು, ಡಬ್ಬಿ ತುಂಬಿ ಮದುವೆ ಮನೆಗೆ ಕಳಿಸಿದೆವು. ಕೈ ತೊಳೆದು ಹಿತ್ತಲಿಗೆ ಬಂದರೆ ಬಾನೆಟ್ಟಿನ ಮೇಲೆ ಕಂದುಬಣ್ಣದ ಗಂಟುಗಳು! ಕೆಲವಕ್ಕೆ ಹಲಸಿನೆಲೆ ಅಂಟಿತ್ತು, ಕೆಲವಕ್ಕೆ ಇರುವೆ. ಒಂದಕ್ಕೆ ಕೋಳಿಪುಕ್ಕ!

"ಬಾಯಾರ, ಮೇಣ ಬಿದ್ದೈತ್ರಿ" ಎಂದಳು ಫಕೀರವ್ವ. "ನಾ ಒಂದ್ ಮಾತ ಹೇಳ್ಲೇನ್ರಿ?"

"ಆಮ್ಯಾಲೆ ಹೇಳವಾ. ಮೊದಲ ಟ್ರಂಕಿನ್ಯಾಗಿನ ನೋಟ್‌ಬುಕ್ ತಗೊಂಬಾ!"

ನಾನು ಕೊಂಚವೂ ಗಾಬರಿಯಾಗಲಿಲ್ಲ. ಆಫ್ಟರ್ ಆಲ್, ಕಲೆ ಎಂದರೆ ಕಲೆ. ಸೀರೆಯ ಮೇಲಾದರೇನು, ಕಾರಿನ ಮೇಲಾದರೇನು! ಮೊದಲ ಚಿಕಿತ್ಸೆ ಬಿಸಿನೀರು. ಎರಡು ತಂಬಿಗೆ ಸುರಿದೆ. ಗಂಟುಗಳು ಕರಗಿದವು. ಕರಗಿ ಹರಡಿದವು! ಒರೆಸಲೆಂದು ಯಜಮಾನರ ಹಳೆಯ ಧೋತರದ ತುಂಡು ಒತ್ತಿದೆ. ಅದು ಅಲ್ಲೇ ಹತ್ತಿಕೊಂಡಿತು. ಎಳೆದೆ. ಅರ್ಧ ಬಂತು. ಉಳಿದರ್ಧ ಬಾನೆಟ್ಟಿನ ಮೇಲೆ ಧ್ವಜದಂತೆ ಹಾರತೊಡಗಿತು.

ಮೇಣವು ಚ್ಯೂಯಿಂಗ್ ಗಮ್ಮಿನ ಜಾತಿಗೆ ಸೇರಿದ್ದೆಂದು ಆಗ ನಾನು ವೈಜ್ಞಾನಿಕವಾಗಿ ತೀರ್ಮಾನಿಸಿದೆ. ದವಾಖಾನೆಯ ಫ್ರಿಜ್ಜಿನಿಂದ ಐಸು ತಂದು ತಿಕ್ಕಿದೆ. ಮೇ ತಿಂಗಳ ಮಧ್ಯಾಹ್ನ! ಐಸು ನನ್ನ ಕೈಯಲ್ಲೇ ಸ್ವರ್ಗಸ್ಥವಾಯಿತು.

"ಬಾಯಾರ, ನಾ ಒಂದ್ ಮಾತ..."

"ತಡೀ ಫಕೀರವ್ವಾ, ನಾ ವಿಚಾರ ಮಾಡಾಕತ್ತೀನಿ!"

ವಿಚಾರ ಮಾಡುವಾಗ ನನ್ನ ಕಣ್ಣು ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕಿದ್ದ ಹಿತ್ತಾಳೆಯ ಕೊಡದ ಮೇಲೆ ಬಿತ್ತು. ಫಳಫಳ ಹೊಳೆಯುತ್ತಿತ್ತು. ಯುರೇಕಾ! ಹುಣಸೆಹಣ್ಣು ಮತ್ತು ಒಲೆಯ ಬೂದಿ!

ಫಕೀರವ್ವ ಮೊದಲು ಹಿಂಜರಿದಳು. ಆದರೆ ಒಮ್ಮೆ ತೆಂಗಿನ ನಾರು ಕೈಗೆ ಬಂದರೆ ಅವಳು ಬೇರೆಯೇ ಮನುಷ್ಯಳು. ಸೆರಗು ಸಿಕ್ಕಿಸಿ, ಮೊಣಕಾಲೂರಿ, ಕೊಡ ಬೆಳಗುವಂತೆಯೇ ಕಾರನ್ನು ಬೆಳಗಿದಳು. ನೀರು ಹಾಕಿ ನೋಡಿದರೆ ಮೇಣ ಇದ್ದಲ್ಲೇ ಇತ್ತು. ಹೊಳಪು ಮಾತ್ರ ಹೋಗಿತ್ತು!

ಅಷ್ಟರಲ್ಲಿ ಮುಂಬಾಗಿಲಲ್ಲಿ ಶಿವಪ್ಪನ ದನಿ. "ಬಾಯಾರ, ಕಾರು ಒಮ್ಮೆ ನೋಡಿ ಹೋಗೂಣು ಅಂತ ಬಂದೆ. ನಮ್ಮ ಗಂಗಾ ಮುಂಜಾನಿಂದ ಅದನ್ನೇ ಕೇಳಾಕತ್ತಾಳ್ರಿ, ಅಪ್ಪಾ, ನಾ ಮುಂದ ಕುಂಡ್ರಲೋ ಹಿಂದ ಕುಂಡ್ರಲೋ ಅಂತ."

ನಾನು ಓಡಿಹೋಗಿ ದಾರಿಗಡ್ಡ ನಿಂತೆ. ಕೈಯಲ್ಲಿ ಹುಣಸೆಹಣ್ಣು. ಮೂಗಿನ ಮೇಲೆ ಬೂದಿ.

"ಈಗ ನೋಡಬ್ಯಾಡ ಶಿವಪ್ಪಾ! ಮದುಮಗಳು ಹತ್ತೋತನಕ ಕಾರಿಗೆ ಯಾರ ದೃಷ್ಟೀನೂ ಬೀಳಬಾರದು!"

ಕಾನ್ವೆಂಟಿನಲ್ಲಿ ಓದಿದ ಬಾಯಾರ ಬಾಯಲ್ಲಿ ದೃಷ್ಟಿಯ ಮಾತು ಕೇಳಿ ಶಿವಪ್ಪನ ಕಣ್ಣು ತುಂಬಿದವು. "ನಮ್ಮ ಮಗಳಿಗೆ ಅಂತ ನೀವು ಇಷ್ಟು..." ಎಂದವನು ಕೈ ಮುಗಿದು ಹೋದ. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ನಗೆಯಾಟ ಮುಗಿದಿತ್ತು. ನಾಳೆ ಆ ಹುಡುಗಿ ಇದೇ ಕಾರಿನಲ್ಲಿ ಆ ಮೀಸೆಯ ಕಾಕಾನ ಎದುರು ಇಳಿಯಬೇಕು!

ಉಳಿದದ್ದು ಕೊನೆಯ ಅಸ್ತ್ರ. ನೋಟ್‌ಬುಕ್ಕಿನ ಪ್ರಕಾರ, ಯಾವುದಕ್ಕೂ ಬಗ್ಗದ ಕಲೆಗೆ ಸ್ಪಿರಿಟು. ದವಾಖಾನೆಯಲ್ಲಿ ಬಾಟಲಿ ಇದ್ದೇ ಇತ್ತು. ಜೊತೆಗೆ ನನ್ನದೇ ನೇಲ್ ಪಾಲಿಶ್ ರಿಮೂವರ್. ಎರಡನ್ನೂ ಹತ್ತಿಗೆ ಹಾಕಿ, ಆಪರೇಷನ್ ಮಾಡುವ ಸರ್ಜನ್ನನ ಗಾಂಭೀರ್ಯದಿಂದ ತಿಕ್ಕಿದೆ.

ಮೇಣ ಬಂತು!

"ಫಕೀರವ್ವಾ, ಬಂತು! ಬಂತು!" ಎಂದು ಕುಣಿದೆ.

ಫಕೀರವ್ವ ಬಗ್ಗಿ ನೋಡಿದಳು. "ಹೌದ್ರಿ ಬಾಯಾರ, ಬಂತು. ಬಣ್ಣಾನೂ ಬಂತು."

ಐವರಿಯ ಕೆಳಗೆ ಹಸಿರು ಇಣುಕುತ್ತಿತ್ತು. ನಮ್ಮ ಕಾರು ಪೂರ್ವಾಶ್ರಮದಲ್ಲಿ ಹಸಿರಾಗಿತ್ತೆಂದು ನನಗೆ ತಿಳಿದದ್ದೇ ಆಗ! ಅಂಚು ಸರಿ ಮಾಡಲು ಇನ್ನಷ್ಟು ತಿಕ್ಕಿದೆ. ರೂಪಾಯಿಯಗಲ ಇದ್ದದ್ದು ಅಂಗೈಯಗಲವಾಯಿತು, ಅಂಗೈಯಗಲ ಇದ್ದದ್ದು ಜೋಳದ ರೊಟ್ಟಿಯಗಲವಾಯಿತು. ಸುತ್ತಲೂ ಉಳಿದ ಮೇಣ ಮಾತ್ರ ಕದಲಲಿಲ್ಲ. ಅಲ್ಲಿಗೆ ನಾನು ಬಾಟಲಿ ಕೆಳಗಿಟ್ಟೆ.

ಸಂಜೆ ಯಜಮಾನರು ಬರುವಷ್ಟರಲ್ಲಿ ಕಾರು ಬೆಡ್‌ಶೀಟು ಹೊದ್ದು ಮಲಗಿತ್ತು. "ಸಿಸ್ಟಮ್ಯಾಟಿಕ್!" ಎಂದು ಮೆಚ್ಚಿದರು. ಬೆಳಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನೂ ಫಕೀರವ್ವನೂ ಬಾನೆಟ್ಟಿನ ಮೇಲೆ ಬಾಳೆಎಲೆ ಹಾಸಿ, ಮೇಲೆ ಮಲ್ಲಿಗೆ ಮಾಲೆಗಳನ್ನು ಮುಚ್ಚಿಗೆಯಂತೆ ಕಟ್ಟಿದೆವು. ನಿಜ ಹೇಳುತ್ತೇನೆ, ಅದ್ಭುತವಾಗಿ ಕಂಡಿತು. ಗಂಗಾ ಹತ್ತುವಾಗ ಕಾರಿಗೇ ನಮಸ್ಕಾರ ಮಾಡಿದಳು. ಮುಂದಿನ ಸೀಟು ಹಿಡಿದಳು. ನಾನೂ ಶಿವಪ್ಪನೂ ಫಕೀರವ್ವನೂ ಹಿಂದೆ ಕೂತೆವು.

ಮಠದ ಚಪ್ಪರದ ಮುಂದೆ ಕಾರು ನಿಂತಾಗ ವಾಲಗ ಜೋರಾಯಿತು. ವರನ ಕಡೆಯವರೆಲ್ಲ ನೋಡಲು ನೆರೆದರು. ಕಾಕಾನ ಮೀಸೆ ಕೆಳಗಿಳಿದದ್ದನ್ನು ನನ್ನ ಕಣ್ಣಾರೆ ಕಂಡೆ. ಶಿವಪ್ಪ ಎದೆಯುಬ್ಬಿಸಿ ನಿಂತಿದ್ದ. ಗೆದ್ದೆವು!

ಆಗ ಬಂತು ಒಂದು ಆಡು.

ಎಲ್ಲಿಂದ ಬಂತೋ ಶಿವನೇ ಬಲ್ಲ. ಬಂದದ್ದೇ ಮುಂಗಾಲೆರಡನ್ನೂ ಬಂಪರಿನ ಮೇಲಿಟ್ಟು ಬಾಳೆಎಲೆಯ ತುದಿ ಕಚ್ಚಿ ಜಗ್ಗಿತು. ಎಲೆ, ಮಾಲೆ, ಮುಚ್ಚಿಗೆ, ನನ್ನ ಮಾನ, ಎಲ್ಲವೂ ಒಂದೇ ಏಟಿಗೆ ನೆಲಕ್ಕೆ! ಬಾನೆಟ್ಟಿನ ನಡುವೆ ಹಸಿರು ರೊಟ್ಟಿ. ಸುತ್ತ ಕಂದು ಗಂಟು. ಅಂಚಿನಲ್ಲಿ ಧೋತರದ ಚೂರು.

ವಾಲಗ ನಿಂತಿತು.

ಕಾಕಾ ಮುಂದೆ ಬಂದ. ಮೀಸೆ ಮತ್ತೆ ಮೇಲೇರಿತ್ತು. "ಏನ್ರಿ ಡಾಕ್ಟರ್ ಸಾಹೇಬ್ರ, ನಿಮ್ಮ ಕಾರಿಗೆ ಏನೋ ರೋಗ ಬಂದಂಗೈತಲ್ರಿ!" ಎನ್ನುತ್ತ ಬೆರಳಿಟ್ಟು ನೋಡಿದ. ಶಿವಪ್ಪನ ಮುಖ ಬಾಡಿತು.

ಯಜಮಾನರು ಇಳಿದು ಕನ್ನಡಕ ಏರಿಸಿ ಬಾನೆಟ್ಟನ್ನು ಪರೀಕ್ಷಿಸಿದರು. ಒಮ್ಮೆ ನನ್ನ ಕಡೆ ನೋಡಿದರು. ನಾನು ಆಡಿನ ಕಡೆ ನೋಡಿದೆ.

"ಖರೇ ಹೇಳಿದ್ರಿ ಕಾಕಾರ" ಎಂದರು ಅಗದಿ ಗಂಭೀರವಾಗಿ. "ಇದು ಗಜಕರ್ಣ. ಮುಟ್ಟಬ್ಯಾಡ್ರಿ, ಹರಡತೈತಿ!"

ಕಾಕಾ ಬೆಚ್ಚಿ ಕೈ ಹಿಂದೆಳೆದ. ಕೈ ಬರಲಿಲ್ಲ! ಎಂಜಿನ್ನಿನ ಕಾವಿಗೆ ಮೆತ್ತಗಾಗಿದ್ದ ಮೇಣ ಎರಡು ಬೆರಳನ್ನೂ ಹಿಡಿದುಕೊಂಡಿತ್ತು. ಜಗ್ಗಿದಾಗ ಗೇಣುದ್ದದ ಎಳೆ ಬಂತು. ಇನ್ನೊಂದು ಕೈಯಿಂದ ಬಿಡಿಸಲು ಹೋದ; ಅದೂ ಹತ್ತಿತು. ಗಾಬರಿಯಲ್ಲಿ ಮೀಸೆ ಮುಟ್ಟಿಕೊಂಡ!

ಮೊದಲು ನಕ್ಕವಳು ಗಂಗಾ. ಮದುಮಗಳು ತಲೆ ತಗ್ಗಿಸಿರಬೇಕೆಂಬುದನ್ನೆಲ್ಲ ಮರೆತು, ಬಾಸಿಂಗ ಅಲುಗಾಡುವಂತೆ ನಕ್ಕಳು. ಅವಳನ್ನು ನೋಡಿ ಮದುಮಗ ನಕ್ಕ. ಆಮೇಲೆ ಇಡೀ ಚಪ್ಪರವೇ ನಕ್ಕಿತು. ಶಿವಪ್ಪನಂತೂ ಕಣ್ಣೊರೆಸಿಕೊಂಡು ನಕ್ಕ.

ಫಕೀರವ್ವ ಸದ್ದಿಲ್ಲದೆ ಅಡಿಗೆಯವರ ಕಡೆ ಹೋಗಿ ಒಂದು ಬಟ್ಟಲು ಹಿಡಿದು ಬಂದಳು. ಕಾಕಾನ ಬೆರಳಿಗೆ ಏನೋ ಸವರಿದಳು, ಮೀಸೆಗೂ ಸವರಿದಳು. ಬಟ್ಟೆಯಿಂದ ಒರೆಸಿದಳು. ಮೇಣ ಮಾಯ! ಹಾಗೆಯೇ ಬಾನೆಟ್ಟಿನ ಗಂಟೊಂದಕ್ಕೆ ಸವರಿ ತಿಕ್ಕಿದಳು. ಅದೂ ಮಾಯ. ಕೆಳಗೆ ಐವರಿ ಬಣ್ಣ ಹಾಗೇ ಇತ್ತು!

"ಏನದು?" ಎಂದೆ ಬಾಯಿ ಬಿಟ್ಟುಕೊಂಡು.

"ಬಾಯಾರ, ಈಗರ ಹೇಳ್ಲೇನ್ರಿ?"

"ಹೇಳವಾ ತಾಯಿ!"

"ಶೇಂಗಾ ಎಣ್ಣಿರಿ. ನಿನ್ನಿ ಹಣ್ಣು ಬಿಡಸುಮುಂದ ಮೇಣ ಹತ್ತಬಾರದು ಅಂತ ನಾವಿಬ್ರೂ ಕೈಗೆ ಹಚ್ಕೊಂಡಿದ್ವಲ್ರಿ? ಆ ಬಟ್ಲಾ ಸಂಜೀತನಕ ಮೆಟ್ಲ ಮ್ಯಾಲೇ ಇತ್ತಲ್ರಿ!"

ಹೌದು. ನಾನೇ ಹಚ್ಚಿಕೊಂಡಿದ್ದೆ. ಮೊಣಕೈವರೆಗೆ! ಇಪ್ಪತ್ತೈದು ವರ್ಷಗಳಿಂದ ಪ್ರತಿ ಬೇಸಿಗೆ ಹಚ್ಚಿಕೊಳ್ಳುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಇಲ್ಲದ್ದರಿಂದ ಅದು ವಿದ್ಯೆಯೆಂದು ನನಗೆ ಹೊಳೆದೇ ಇರಲಿಲ್ಲ.

ಆ ಹಸಿರು ರೊಟ್ಟಿಯನ್ನು ಯಜಮಾನರು ಕೊನೆಯವರೆಗೂ ಅಳಿಸಗೊಡಲಿಲ್ಲ. ಯಾರಾದರೂ ಕೇಳಿದರೆ, "ಇದು ನಮ್ಮ ಸರೋಜಾನ ಕಾನ್ವೆಂಟ್ ಸರ್ಟಿಫಿಕೇಟು" ಎನ್ನುತ್ತಿದ್ದರು. ಈಗ ಆ ಕಾರೂ ಇಲ್ಲ, ನನ್ನನ್ನು ಹಾಗೆ ಆಡಿಕೊಳ್ಳುವವರೂ ಇಲ್ಲ. ಗಂಗಾ ಮಾತ್ರ ಸಿಕ್ಕಾಗಲೆಲ್ಲ ಮೀಸೆ ಮುಟ್ಟಿಕೊಂಡಂತೆ ಮಾಡಿ ನಗುತ್ತಾಳೆ.

ನೋಟ್‌ಬುಕ್ ಇನ್ನೂ ಇದೆ. ಮದುವೆಯಿಂದ ಮರಳಿದ ಸಂಜೆ, ಉಳಿದ ಮೇಣವನ್ನೆಲ್ಲ ಎಣ್ಣೆಯಿಂದ ತೆಗೆದ ಉತ್ಸಾಹದಲ್ಲಿ ಕೈಯನ್ನೂ ತೊಳೆಯದೆ ಕೂತು, ಕೊನೆಯ ಪುಟದಲ್ಲಿ ದುಂಡಗೆ ಬರೆದೆ: "ಹಲಸಿನ ಮೇಣ: ಮೊದಲು ಫಕೀರವ್ವನನ್ನು ಕೇಳುವುದು."

ಆ ಪುಟದ ಮೇಲೆ ನನ್ನ ಐದೂ ಬೆರಳಿನ ಎಣ್ಣೆಯ ಕಲೆ ಬಿದ್ದಿದೆ. ಎಷ್ಟು ಪ್ರಯತ್ನಿಸಿದರೂ ಹೋಗಿಲ್ಲ!