ಲಿಸ್ಬನ್ನಿನಲ್ಲಿ ದಿನಕ್ಕೊಂದೇ ಜಾಗ

ಕ್ಲಿಫರ್ಡ್ ಪಿಂಟೋನ ಕಷ್ಟಕ್ಕೆ ಅವನ ಮನೆತನದ ಹೆಸರೇ ಕಾರಣ. ಸೌದಿಯ ಖತೀಫ್ ಪೇಟೆಯ ಕಾರ್ಪೆಟ್ ಅಂಗಡಿಯಲ್ಲಿ ಅವನು ಹದಿನಾಲ್ಕು ವರ್ಷದಿಂದ ಕೆಲಸಕ್ಕಿದ್ದ. ಅಷ್ಟು ವರ್ಷವೂ ಯಜಮಾನ ಅಬು ಝುಹೈರ್ ಆ ಹೆಸರಿನ ಕಡೆಯ ತುಂಡನ್ನು ಗಮನಿಸಿರಲಿಲ್ಲ. ಆ ದಿನ ಬೆಳಿಗ್ಗೆ ಅವನ ವಾಸದ ಪರವಾನಗಿಯಾದ ಇಕಾಮಾ ಕಾರ್ಡಿನ ಅವಧಿ ನೋಡಲು ಕೈಗೆತ್ತಿಕೊಂಡವನು ಗಮನಿಸಿದ.

"ಪಿಂಟೋ. ಇದು ಪೋರ್ಚುಗಲ್ಲಿನ ಹೆಸರಲ್ಲವಾ?" ಎಂದು ಅರಬ್ಬಿಗೆ ಹಿಂದಿ ಬೆರೆಸಿ ಕೇಳಿದ.

"ಹೆಸರು ಮಾತ್ರ, ಬಾಬಾ. ಊರು ಶಿರ್ವ. ಉಡುಪಿ ಹತ್ತಿರ."

"ಅದಕ್ಕೂ ಮೊದಲು?"

"ಅದಕ್ಕೂ ಮೊದಲು ಶಿರ್ವವೇ."

"ಅದಕ್ಕೂ ಮೊದಲು ಲಿಸ್ಬನ್," ಎಂದು ಅಬು ಝುಹೈರ್ ಅವನ ವಂಶದ ಚರಿತ್ರೆಯನ್ನು ಅಲ್ಲಿಗೆ ಮುಗಿಸಿದ. "ಈ ಸಲ ನಾವು ಹನ್ನೊಂದು ಜನ ಲಿಸ್ಬನ್ನಿಗೇ ಹೊರಟಿದ್ದೇವೆ. ನಿನ್ನ ಅಜ್ಜಂದಿರ ಊರು. ನೋಡಬೇಕಾದ ಹಳೆಯ ಜಾಗಗಳನ್ನು ದಿನದ ಲೆಕ್ಕದಲ್ಲಿ ಬರೆದುಕೊಡು. ಸಂಜೆ ಟಿಕೆಟಿನವನು ಬರುತ್ತಾನೆ."

ಕ್ಲಿಫರ್ಡ್ ಸಮುದ್ರ ದಾಟಿ ಸುತ್ತಾಡಲು ಹೋದದ್ದು ಒಂದೇ ಸಲ, ಸೇತುವೆಯ ಮೇಲೆ ಬಹರೈನಿಗೆ. ಆದರೂ ಇಲ್ಲ ಎನ್ನಲಿಲ್ಲ. ಅವನ ರಜೆಯ ಕಾಗದ ಯಜಮಾನನ ಮೇಜಿನ ಖಾನೆಯಲ್ಲಿ ಸಹಿಯಿಲ್ಲದೆ ಮಲಗಿತ್ತು. ಅಂಗಡಿಯಲ್ಲಿ ಇರುವವರು ಇವರಿಬ್ಬರೇ. ಜುಲೈ ಸೆಕೆಯಲ್ಲಿ ಕಾರ್ಪೆಟ್ ಕೊಳ್ಳುವವರಿಲ್ಲದ ಕಾರಣ ಪ್ರತಿವರ್ಷ ಹತ್ತು ದಿನ ಬಾಗಿಲು ಹಾಕಿ ಯಜಮಾನ ಪ್ರವಾಸ ಹೋಗುತ್ತಿದ್ದ. ಕ್ಲಿಫರ್ಡ್‌ಗೆ ಊರಿಗೆ ಹೋಗಲು ಸಿಗುವುದು ಆ ಹತ್ತು ದಿನ ಮಾತ್ರ. ಅದನ್ನೇ ನಂಬಿ ಹೆಂಡತಿ ಗ್ಲೋರಿಯಾ, ಮಗಳು ಸ್ವೀಡಲ್‌ಳ ಮದುವೆಯನ್ನು ಜುಲೈ ಇಪ್ಪತ್ತಮೂರಕ್ಕೆ ಗೊತ್ತುಮಾಡಿದ್ದಳು. ಹಿಂದಿನ ದಿನ ರೋಸ್ ಶಾಸ್ತ್ರ. ಆ ದಿನ ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚಲು ಅಪ್ಪ ಇರಲೇಬೇಕು.

"ಪಟ್ಟಿ ಚೆನ್ನಾಗಿರಲಿ. ನೋಡಿದ ಕೂಡಲೇ ಸಹಿ ಹಾಕುತ್ತೇನೆ," ಎಂದ ಅಬು ಝುಹೈರ್. "ಒಂದೇ ಮಾತು. ಸಂಜೆ ನಾಲ್ಕರ ಮೊದಲು ನಮ್ಮವರು ಹೊರಗೆ ಕಾಲಿಡುವುದಿಲ್ಲ. ಶುಕ್ರವಾರ ಎಲ್ಲಿಗೂ ಇಲ್ಲ."

ಇದರಲ್ಲಿ ವಿಚಿತ್ರವೇನೂ ಕ್ಲಿಫರ್ಡ್‌ಗೆ ಕಾಣಲಿಲ್ಲ. ಖತೀಫಿನ ಬೇಸಿಗೆಯಲ್ಲಿ ನಾಲ್ಕರ ಮೊದಲು ಹೊರಗೆ ಕಾಲಿಡುವುದು ಬೆಕ್ಕುಗಳು ಮತ್ತು ಕ್ಲಿಫರ್ಡ್ ಮಾತ್ರ.

ಪಕ್ಕದ ಚಹಾ ಅಂಗಡಿಯಲ್ಲಿ ಕೂತು ಮೊಬೈಲು ನೋಡಿ ಐದು ಜಾಗ ಬರೆದ. ಹೊಳೆಯ ಬದಿಯ ಬೆಲೆಂ ಗೋಪುರ, ವಾಸ್ಕೋ ಡ ಗಾಮನ ಸಮಾಧಿ ಇರುವ ಜೆರೋನಿಮೋಸ್ ಮಠ, ದೊಡ್ಡ ಕಮಾನಿನ ಚೌಕ, ಹಳೆಯ ಇಗರ್ಜಿ, ಒಂದು ಅರಮನೆ. ಹೆಚ್ಚಿನ ಕಡೆ ಆರಕ್ಕೋ ಆರೂವರೆಗೋ ಬಾಗಿಲು ಹಾಕುತ್ತಾರೆಂದು ಕಂಡಿತು. ನಾಲ್ಕಕ್ಕೆ ಹೊರಡುವ ಹನ್ನೊಂದು ಜನ ಟ್ಯಾಕ್ಸಿ ಹತ್ತಿ ಇಳಿಯುವಾಗ ಐದು ಆಗಿರುತ್ತದೆ. ಹಾಗಾಗಿ ದಿನಕ್ಕೊಂದೇ ಜಾಗ. ಲೆಕ್ಕ ಸರಿಯಾಗಿತ್ತು.

ಚಹಾ ಅಂಗಡಿಯ ಮೊಯ್ದು ಉಪ್ಪಿನಂಗಡಿಯವನು. ಬಗ್ಗಿ ಪಟ್ಟಿ ನೋಡಿದ.

"ಎಂತ ಮಾರಾಯ, ಐದೇ? ಯುರೋಪಿನ ರಾಜಧಾನಿ ಅಂತ ಹೇಳ್ತಿ, ನಮ್ಮ ಪುತ್ತೂರಲ್ಲಿ ಇದಕ್ಕಿಂತ ಹೆಚ್ಚು ಉಂಟು. ನಿನ್ನ ಯಜಮಾನ ಕಫೀಲ್‌ಗೆ ಏನನ್ನಿಸ್ಬೇಡ?"

"ಸಾಕಲ್ವಾ?"

"ರಜೆ ಬೇಕಾದವ ಹೀಗೆ ಬರೀತಾನಾ? ಗುಡ್ಡದ ಮೇಲೆ ಕೋಟೆ ಉಂಟಲ್ಲ, ಮುಸ್ಲಿಮರ ಕಾಲದ್ದು, ಅದೆಲ್ಲಿ? ಅದರ ಕೆಳಗಿನ ಹಳೇ ಪೇಟೆ ಅಲ್ಫಾಮಾ, ಅದೂ ಅರಬ್ಬಿ ಹೆಸರೇ. ಅದನ್ನು ಬಿಟ್ಟು ಇಗರ್ಜಿ ಬರ್ದಿದ್ದಿ. ನಿನ್ನ ರಜೆಯ ಕತೆ ಮುಗೀತು."

ಕ್ಲಿಫರ್ಡ್ ಕೋಟೆಯನ್ನೂ ಪೇಟೆಯನ್ನೂ ಸೇರಿಸಿದ. ಕೋಟೆಗೆ ಏರು ಇರುವುದರಿಂದ ಮರುದಿನ ಕಾಲಿಗೆ ವಿಶ್ರಾಂತಿ ಕೊಡೋಣವೆಂದುಕೊಂಡು, ಆಮೇಲೆ ಅದು ತನ್ನ ಕೆಲಸವಲ್ಲವೆಂದು ಬಿಟ್ಟ.

ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಹೋದ. ಮೇಲಿನ ಮಹಡಿಯ ಬರ್ನಾಡೆಟ್ ಎಂಬ ನರ್ಸಿನ ಮನೆಯಲ್ಲಿ ಅವನ ಊಟ. ಮೀನು ಸಾರಿನ ಪಕ್ಕದಲ್ಲಿ ಪಟ್ಟಿ ಬಿಚ್ಚಿದ್ದೇ ತಪ್ಪಾಯಿತು.

"ಪಾದುವಾದ ಸಂತ ಅಂತೋನಿ ಹುಟ್ಟಿದ್ದೆಲ್ಲಿ ಗೊತ್ತುಂಟಾ ನಿಮ್ಗೆ?" ಎಂದಳು ಬರ್ನಾಡೆಟ್.

"ಪಾದುವಾದಲ್ಲಿ."

"ಲಿಸ್ಬನ್ನಲ್ಲಿ. ಪಿಂಟೋ ಅಂತ ಹೆಸರಿಟ್ಕೊಂಡು ಇದೂ ಗೊತ್ತಿಲ್ಲ. ಅವರು ಹುಟ್ಟಿದ ಜಾಗದಲ್ಲಿ ಇಗರ್ಜಿ ಉಂಟು. ಬರೀರಿ."

"ಅವರು ಇಗರ್ಜಿಗೆ ಯಾಕೆ ಹೋಗ್ತಾರೆ, ಬರ್ನಾಡೆಟ್ ಬಾಯಿ?"

"ಹೊರಗಿಂದ ನೋಡ್ಲಿ. ಕಳೆದದ್ದನ್ನು ಹುಡುಕಿಕೊಡುವ ಸಂತ. ಯಾರಿಗಾದ್ರೂ ಬೇಕಾಗ್ತದೆ."

ಅವಳ ಗಂಡ ಡೆಲ್ವಿನ್ ಇಂಜಿನಿಯರ್ ಅಲ್ಲ, ಆದರೆ ಇಂಜಿನಿಯರುಗಳ ಜೊತೆ ಕೆಲಸ ಮಾಡುವವನು. ಅವನು ಕಲ್ಲಿನ ಮೇಲ್ಗಾಲುವೆ, ಬೀದಿಯ ನಡುವಿನ ಕಬ್ಬಿಣದ ಲಿಫ್ಟು, ಹಳೆಯ ಟ್ರ್ಯಾಮು, ಭೂಕಂಪದಲ್ಲಿ ಮಾಡು ಹಾರಿಹೋದ ಕಾರ್ಮೋ ಮಠ, ಇಂಥವೇ ಇನ್ನೂ ಆರು, ಎಲ್ಲವನ್ನೂ ಬರೆಸಿದ. ನೆಂಟರು ಬಂದಂತೆಲ್ಲ ನೀರು ಹೊಯ್ದ ಚಹಾದ ಹಾಗೆ ಪಟ್ಟಿ ಬೆಳೆಯಿತು. ಊಟ ಮುಗಿಯುವಾಗ ಹದಿನೆಂಟು ಜಾಗಗಳಾಗಿದ್ದವು.

"ಸೋಮವಾರ ಅಲ್ಲಿ ಹೆಚ್ಚಿನದ್ದಕ್ಕೆ ಬಾಗಿಲು ಬಂದ್," ಎಂದ ಡೆಲ್ವಿನ್ ಮೊಬೈಲಿನಿಂದ ತಲೆ ಎತ್ತದೆ. "ಅದನ್ನೂ ತೆಗಿ. ಆದ್ರೆ ಅಣ್ಣ, ಅವರು ಬೆಳಿಗ್ಗೆ ಹೊರಟ್ರೆ ದಿನಕ್ಕೆ ನಾಲ್ಕು ಮುಗೀತದೆ. ಅಲ್ಲಿ ಬಿಸಿಲು ಇಲ್ಲಿನ ಹಾಗಲ್ಲ."

"ಬಿಸಿಲು ಬಿಸಿಲೇ," ಎಂದ ಕ್ಲಿಫರ್ಡ್. "ಯಜಮಾನ ನಾಲ್ಕು ಅಂದ್ರೆ ನಾಲ್ಕು."

ಶುಕ್ರವಾರ ತೆಗೆದು, ಸೋಮವಾರ ತೆಗೆದು, ದಿನಕ್ಕೊಂದರಂತೆ ಅಂದವಾಗಿ ಬರೆದ. ಪಟ್ಟಿ ಇಪ್ಪತ್ತೈದನೆಯ ದಿನಕ್ಕೆ ಬಂದು ನಿಂತಿತು. ಹತ್ತು ದಿನದ ಪ್ರವಾಸಕ್ಕೆ ಇದು ಹೆಚ್ಚಾಯಿತೆಂದು ಅವನಿಗೂ ಅನ್ನಿಸಿತು. ಬೇಡದ್ದನ್ನು ಯಜಮಾನನೇ ಹೊಡೆದುಹಾಕಲಿ, ಹೊಡೆದುಹಾಕಲು ಏನಾದರೂ ಇದ್ದರೆ ಯಜಮಾನರಿಗೆ ಸಂತೋಷವಾಗುತ್ತದೆ ಎಂದುಕೊಂಡ.

ಸಂಜೆ ಅಂಗಡಿಯಲ್ಲಿ ಟಿಕೆಟಿನವನು ಲ್ಯಾಪ್‌ಟಾಪ್ ತೆರೆದು ಕಾದಿದ್ದ. ಅಬು ಝುಹೈರ್ ಕನ್ನಡಕ ಹಾಕಿ ಮೊದಲ ಸಾಲಿನಿಂದ ಓದಿದ. ಕೋಟೆಯ ಹತ್ತಿರ ಒಮ್ಮೆ ತಲೆ ಆಡಿಸಿದ. ಸಂತ ಅಂತೋನಿಯ ಹತ್ತಿರ ಹುಬ್ಬು ಏರಿತು, ಇಳಿಯಿತು. ಕಡೆಯ ಸಾಲು ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟ.

"ಹೋದ ವರ್ಷ ಇಸ್ತಾಂಬುಲ್ಲಿನಲ್ಲಿ ಗೈಡ್ ದಿನಕ್ಕೆ ಐದು ಜಾಗ ಓಡಿಸಿದ," ಎಂದ ಅಬು ಝುಹೈರ್ ನಿಧಾನವಾಗಿ. "ನನ್ನ ಮಗ ಝುಹೈರನ ತಾಯಿಯ ಕಾಲು ಊದಿ ಬಂತು. ಮೂರು ತಿಂಗಳು ನನ್ನ ಜೊತೆ ಮಾತಿಲ್ಲ. ದಿನಕ್ಕೊಂದೇ ಜಾಗ, ಅದೂ ನಿದ್ದೆ ಮುಗಿದ ಮೇಲೆ. ಇದು ತಿಳಿದವನು ಬರೆದ ಪಟ್ಟಿ."

ಒಂದನ್ನೂ ಹೊಡೆದುಹಾಕಲಿಲ್ಲ. ಟಿಕೆಟಿನವನ ಕಡೆ ತಿರುಗಿ, "ಇಪ್ಪತ್ತೈದು ದಿನ. ಹನ್ನೊಂದು ಜನ. ಯಲ್ಲಾ," ಎಂದ.

ಕ್ಲಿಫರ್ಡ್ ಹಗುರಾದ. ಖಾನೆಯಿಂದ ರಜೆಯ ಕಾಗದವನ್ನು ತಾನೇ ತೆಗೆದು, ಪೆನ್ನಿನ ಜೊತೆ ಮುಂದಿಟ್ಟ. ಅಬು ಝುಹೈರ್ ಅದನ್ನು ಓದಿ ಮಗ್ಗುಲಿಗೆ ಸರಿಸಿದ.

"ಹತ್ತು ದಿನ ಮುಚ್ಚಿದರೆ ಜನ ನಾನು ಪ್ರವಾಸ ಹೋಗಿದ್ದೇನೆ ಅನ್ನುತ್ತಾರೆ. ಇಪ್ಪತ್ತೈದು ದಿನ ಮುಚ್ಚಿದರೆ ಸತ್ತಿದ್ದೇನೆ ಅನ್ನುತ್ತಾರೆ, ಹಬೀಬಿ. ಅಂಗಡಿ ತೆರೆದೇ ಇರಬೇಕು."

"ಮಗಳ ಮದುವೆ, ಬಾಬಾ. ಇಪ್ಪತ್ತಮೂರಕ್ಕೆ."

"ನಾನು ಬಂದ ಮೇಲೆ ಹೋಗು. ಒಂದು ತಿಂಗಳು ಇರು. ಅಲ್ಲಿವರೆಗೆ ಮದುವೆ ನಿಲ್ಲಿಸಿಡು."

"ಹಾಲ್ ಬುಕ್ ಆಗಿದೆ."

"ನಮ್ಮ ಟಿಕೆಟ್ಟೂ ಬುಕ್ ಆಯಿತು," ಎಂದು ಅಬು ಝುಹೈರ್ ನಿಜವಾದ ಬೇಸರದಿಂದಲೇ ಹೇಳಿದ. ಮತ್ತೊಂದು ಕಾಗದ ತೆಗೆದು, ತಾನು ಇಲ್ಲದ ಇಪ್ಪತ್ತೈದು ದಿನ ಅಂಗಡಿಯ ಪೂರ್ತಿ ಜವಾಬ್ದಾರಿ ಕ್ಲಿಫರ್ಡ್ ಪಿಂಟೋನದೆಂದು ಬರೆದು, ಅದಕ್ಕೆ ಸಹಿ ಮಾಡಿ, ಮೊಹರು ಒತ್ತಿ, ಎರಡು ಕೈಯಲ್ಲಿ ಕೊಟ್ಟ.

ಕ್ಲಿಫರ್ಡ್ ಅದನ್ನು ಹಿಡಿದು ಒಳಗಿನ ಗೋದಾಮಿಗೆ ಹೋದ. ಅಷ್ಟರಲ್ಲಿ ಗ್ಲೋರಿಯಾಳ ಫೋನ್ ಬಂತು. ಹಿಂದೆ ಮನೆ ತುಂಬ ಹೆಂಗಸರ ಸದ್ದು.

"ಎಂತಾಯ್ತು? ಸಹಿ ಹಾಕಿದ್ರಾ?"

"ಹಾಕಿದ್ರು," ಎಂದ ಕ್ಲಿಫರ್ಡ್. ಕೈಯಲ್ಲಿದ್ದ ಮೊಹರಿನ ಕಾಗದ ನೋಡಿದ.

"ಹತ್ತು ದಿನಕ್ಕಾ?"

"ಇಪ್ಪತ್ತೈದು ದಿನಕ್ಕೆ. ಆದ್ರೆ..."

"ಇಪ್ಪತ್ತೈದಾ," ಎಂದ ಗ್ಲೋರಿಯಾಳ ಸ್ವರ ಆಚೆ ತಿರುಗಿತು. "ಸ್ವೀಡಲ್, ಕೇಳು, ಡ್ಯಾಡಿಗೆ ಇಪ್ಪತ್ತೈದು ದಿನ ಸಿಕ್ಕಿತಂತೆ. ಆ ಮನುಷ್ಯನ ಹೊಟ್ಟೆ ತಣ್ಣಗಿರ್ಲಿ." ಫೋನು ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. ಅತ್ತೆ ಒಳ್ಳೇದಾಯ್ತು ಎಂದರು. ಸ್ವೀಡಲ್ ಏನೋ ಹೇಳಲು ಹೋಗಿ ಅತ್ತಳು.

ಕ್ಲಿಫರ್ಡ್ ಸುತ್ತಿಟ್ಟ ಕಾರ್ಪೆಟ್ಟಿನ ಮೇಲೆ ಕುಳಿತು, ಅವರ ಸಂತೋಷ ಮುಗಿಯಲೆಂದು ಕಾದ. ಬೇಗ ಮುಗಿಯುವ ಹಾಗೆ ಕಾಣಲಿಲ್ಲ.